ನೂರು ರೂಪಾಯಿಗೆ ಹದಿನೆಂಟು ಪೈಸೆ

ಕುಂದಾಣದ ಅಂಗಡಿಯಲ್ಲಿ ಟೀ ಕುಡಿದು ಆಂಡ್ರಾಯ್ಡ್ ಫೋನಿನಿಂದ ದುಡ್ಡು ಕಳಿಸುವವನು ಮುಕ್ತ ತಂತ್ರಾಂಶಗಳಾದ ಲಿನಕ್ಸ್ ಕರ್ನೆಲ್ಲನ್ನೂ ಎಸ್‌ಕ್ಯೂಲೈಟನ್ನೂ ಬಳಸುತ್ತಿರುತ್ತಾನೆ. ಅವಕ್ಕಾಗಿ ಅವನು ಕಾಸು ಬಿಚ್ಚಬೇಕಿಲ್ಲ. ಬಿಚ್ಚಬೇಕೆಂದು ಯಾರೂ ಬಯಸುವುದೂ ಇಲ್ಲ. ಇಂಥದೇ ತಂತ್ರಾಂಶಗಳ ಮೇಲೆ ನಿಂತು ಸಾವಿರಾರು ಕೋಟಿ ದುಡಿಯುವ ಕಂಪನಿಗಳ ಲೆಕ್ಕ ಬೇರೆ: ಅವುಗಳ ಮೇಲೆ ಋಣವಿದೆ.

ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ ಈ ಋಣವನ್ನು ಬಾಯಿಬಿಟ್ಟು ಒಪ್ಪಿಕೊಂಡ ಅಪರೂಪದ ಕಂಪನಿ. 2024ರ ಅಕ್ಟೋಬರಿನಲ್ಲಿ ಅದು ‘ಫ್ಲಾಸ್ ಫಂಡ್’ ಘೋಷಿಸಿತು: ಜಗತ್ತಿನ ಯಾವುದೇ ಮುಕ್ತ ತಂತ್ರಾಂಶ ಯೋಜನೆಗೆ 10 ಸಾವಿರದಿಂದ 1 ಲಕ್ಷ ಡಾಲರ್, ವರ್ಷಕ್ಕೆ ಒಟ್ಟು 10 ಲಕ್ಷ ಡಾಲರ್. ನನಗೆ ಹಿಡಿಸಿದ್ದು ಹಣಕ್ಕಿಂತ ಕೊಡುವ ರೀತಿ. ಯೋಜನೆಯವರು ತಮಗೆ ಯಾತಕ್ಕೆ, ಎಷ್ಟು ಬೇಕೆಂದು ‘ಫಂಡಿಂಗ್.ಜೇಸನ್’ ಎಂಬ ಕಡತದಲ್ಲಿ ಬರೆದು ತಮ್ಮ ಜಾಲತಾಣದಲ್ಲೇ ಇಡುತ್ತಾರೆ. ಅದನ್ನು ನಾಳೆ ಇನ್ನೊಬ್ಬ ದಾನಿಯೂ ಓದಬಹುದು. ಒಬ್ಬೊಬ್ಬರ ಬಾಗಿಲಿಗೂ ಹೊಸ ಅರ್ಜಿ ಹಿಡಿದು ಅಲೆಯುವುದು ತಪ್ಪುತ್ತದೆ.

ಇನ್ನು ಮೊತ್ತ. 10 ಲಕ್ಷ ಡಾಲರ್ ಎಂದರೆ ಆಗಿನ ದರದಲ್ಲಿ ಸುಮಾರು 8.4 ಕೋಟಿ ರೂಪಾಯಿ. 2023-24ರಲ್ಲಿ ಜೆರೋಧಾದ ಲಾಭ ಸುಮಾರು 4,700 ಕೋಟಿ. ನೂರು ರೂಪಾಯಿ ಲಾಭಕ್ಕೆ ಹದಿನೆಂಟು ಪೈಸೆ! ಆದರೂ ಇದು ಮೆಚ್ಚುವಂಥದ್ದೇ, ಏಕೆಂದರೆ ಉಳಿದವರಲ್ಲಿ ಹೆಚ್ಚಿನವರು ಆ ಪೈಸೆಯನ್ನೂ ಬಿಚ್ಚಿಲ್ಲ. 2014ರಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಭದ್ರತಾ ದೋಷ ಬಯಲಾಗುವವರೆಗೆ, ಅಂತರಜಾಲದ ಅರ್ಧ ಭಾಗದ ಗುಟ್ಟು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2 ಸಾವಿರ ಡಾಲರ್. ಗೂಗಲ್, ಮೈಕ್ರೋಸಾಫ್ಟ್, ಫೇಸ್‌ಬುಕ್ ಕೈಜೋಡಿಸಿ ನಿಧಿ ಕಟ್ಟಿದ್ದು ಮನೆಗೆ ಬೆಂಕಿ ಬಿದ್ದ ಮೇಲೆ.

ನಮ್ಮ ಕಾನೂನೂ ಇದಕ್ಕೆ ಒತ್ತಾಸೆಯಾಗಿಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕು. ದೇಶದ ಹೊರಗೆ ಮಾಡಿದ ಕೆಲಸ ಬಹುಮಟ್ಟಿಗೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಲಿನಕ್ಸನ್ನೋ ಓಪನ್‌ಎಸ್‌ಎಸ್‌ಎಲ್ಲನ್ನೋ ನೋಡಿಕೊಳ್ಳುವವರು ಹಲವು ದೇಶಗಳಲ್ಲಿ ಹಂಚಿಹೋಗಿದ್ದಾರೆ, ಹಾಗಾಗಿ ಅವರಿಗೆ ಕೊಟ್ಟ ಹಣ ಆ ಲೆಕ್ಕಕ್ಕೆ ಸೇರುವುದು ಕಷ್ಟ. ಅದೂ ಅಲ್ಲದೆ, ದೇವನಹಳ್ಳಿ ಸೀಮೆಯ ಶಾಲೆಗೆ ಕೊಟ್ಟ ಕಂಪ್ಯೂಟರ್ ಮೇಲೆ ಕಂಪನಿಯ ಹೆಸರು ಬರೆಸಬಹುದು, ಫೋಟೊ ತೆಗೆಸಬಹುದು. ತಿದ್ದಿದ ಕೋಡಿನ ಸಾಲಿನ ಮುಂದೆ ರಿಬ್ಬನ್ ಕತ್ತರಿಸುವುದು ಹೇಗೆ?

ಫ್ಲಾಸ್ ಫಂಡ್ ಬಗ್ಗೆ ನನ್ನ ದೊಡ್ಡ ತಕರಾರು ಬೇರೆ. ಅದು ಈಗಾಗಲೇ ವ್ಯಾಪಕವಾಗಿ ಬಳಕೆಯಲ್ಲಿರುವ ಯೋಜನೆಗಳನ್ನು ಹುಡುಕುತ್ತದೆ. ಜಗತ್ತಿನ ಬಳಕೆಯೇ ಅಳತೆಗೋಲಾದರೆ ಕನ್ನಡದ ಕಾಗುಣಿತ ಪರೀಕ್ಷಕ, ಚಿತ್ರದಲ್ಲಿನ ಅಕ್ಷರ ಗುರುತಿಸುವ ಓಸಿಆರ್, ಅಕ್ಷರಶೈಲಿಗಳು ಎಂದೂ ಸರತಿಯ ಮುಂದೆ ಬರುವುದಿಲ್ಲ. ಇದು ಆ ಕಂಪನಿಗೆ ತಿಳಿಯದ ವಿಷಯವಲ್ಲ. ವಿ. ಕೃಷ್ಣ ದಶಕಗಟ್ಟಲೆ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಜಾಲಕ್ಕೆ ಬಂದದ್ದು ಜೆರೋಧಾದ ತಂತ್ರಜ್ಞಾನ ಮುಖ್ಯಸ್ಥ ಕೈಲಾಶ್ ನಾಧ್ ಅವರ ಮುತುವರ್ಜಿಯಿಂದ. ಬಳಸುವವರ ತಲೆ ಎಣಿಸಿಕೊಂಡು ಕೂತಿದ್ದರೆ ಆ ನಿಘಂಟು ಇನ್ನೂ ಕೃಷ್ಣ ಅವರ ಮನೆಯಲ್ಲೇ ಇರುತ್ತಿತ್ತು.