ಒಂಬತ್ತು ಅಡಿಯ ಬಾಡಿ

ಉಳ್ಳಾಗಡ್ಡಿ ಸುಗ್ಗಿಯಲ್ಲಿ ಲಕ್ಕುಂಡಿಯಿಂದ ಗದಗ ಎಪಿಎಂಸಿ ಕಡೆಗೆ ಹೊರಟ ಬೊಲೆರೊ ಪಿಕಪ್ ಒಂದನ್ನು ಹಿಂದಿನಿಂದ ನೋಡಬೇಕು. ಚೀಲದ ಮೇಲೆ ಚೀಲ, ಮೇಲೆ ತಾಡಪತ್ರಿ, ಅಡ್ಡಡ್ಡ ಬಿಗಿದ ಹಗ್ಗ. ಬಿಲ್ಲಿನಂತೆ ಬಾಗಿರಬೇಕಾದ ಲೀಫ್ ಸ್ಪ್ರಿಂಗ್ ಭಾರಕ್ಕೆ ನೆಟ್ಟಗಾಗಿರುತ್ತದೆ. ಈ ಗಾಡಿಯ ವಂಶ ಕೆದಕಿದರೆ ಅಮೆರಿಕ ಸಿಗುತ್ತದೆ. 1947ರಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಅದೇ ವರ್ಷ ವಿಲ್ಲಿಸ್ ತನ್ನ ದೇಶದಲ್ಲಿ ಪಿಕಪ್ ಬಿಟ್ಟಿತು. ಹೀಗಾಗಿ ನಮ್ಮದು ಅಗ್ಗದ ನಕಲು, ಅಸಲಿ ಪರಂಪರೆ ಅಲ್ಲಿಯದು ಎನ್ನುವವರಿದ್ದಾರೆ. ನನಗೆ ಕಾಣುವುದು ಇದರ ಉಲ್ಟಾ. ಪಿಕಪ್ಪು ಹುಟ್ಟಿದ್ದೇ ಯಾವ ಕೆಲಸಕ್ಕೋ ಅದನ್ನು ಇಲ್ಲಿನ ಗಾಡಿ ಉಳಿಸಿಕೊಂಡಿದೆ, ಅಲ್ಲಿನದು ಹೆಚ್ಚುಕಡಿಮೆ ಬಿಟ್ಟುಕೊಟ್ಟಿದೆ.

ಫೋರ್ಡ್ 1925ರಲ್ಲಿ ಮಾಡೆಲ್ ಟಿ ಕಾರಿನ ಬೆನ್ನಿಗೆ ಸರಕು ಹೇರುವ ಬಾಡಿ ಕೂರಿಸಿ 281 ಡಾಲರಿಗೆ ಮಾರಿದಾಗ ಅದು ರೈತನ ಗಾಡಿಯಾಗಿತ್ತು. 1948ರಲ್ಲಿ ಎಫ್ ಸರಣಿ ಬಂದಾಗಲೂ ಅಷ್ಟೇ. ಆಮೇಲೆ ಕಥೆ ತಿರುಗಿತು. ಅಮೆರಿಕದ ಕೋಳಿ ಮಾಂಸಕ್ಕೆ ಯುರೋಪಿನವರು ತೆರಿಗೆ ಹಾಕಿದರೆಂಬ ಸಿಟ್ಟಿಗೆ, 1964ರಿಂದ ಹೊರಗಿನ ಸಣ್ಣ ಟ್ರಕ್ಕುಗಳ ಮೇಲೆ ಶೇ. 25 ಸುಂಕ ಬಿತ್ತು. (ಕೋಳಿ ಜಗಳ ಆರಿದರೂ ಸುಂಕ ಆರಲಿಲ್ಲ.) ಪೈಪೋಟಿ ಇಲ್ಲದ ಬಯಲಿನಲ್ಲಿ ಕ್ಯಾಬಿನ್ ಬೆಳೆಯಿತು, ಬಾಡಿ ಕುಗ್ಗಿತು. ಇಂದು ಅಲ್ಲಿ ಮನೆಮನೆಯ ಮುಂದೆ ನಿಲ್ಲುವ ಎಫ್-150ಕ್ಕೆ ನಾಲ್ಕು ಬಾಗಿಲು, ಐದೂವರೆ ಅಡಿ ಬಾಡಿ; 1.7 ಟನ್ ಹೊರುವ ಬೊಲೆರೊ ಪಿಕಪ್‌ಗೆ ಎರಡೇ ಬಾಗಿಲು, ಒಂಬತ್ತು ಅಡಿ ಬಾಡಿ. ಎಂಟಡಿ ಬಾಡಿಯ ಎಫ್-150 ಈಗಲೂ ಸಿಗುತ್ತದೆ, ಟ್ರೇಲರ್ ಎಳೆಯುವ ತಾಕತ್ತೂ ಅದಕ್ಕೇ ಹೆಚ್ಚು ಎಂಬುದು ನಿಜ. ಆದರೆ ಒಂದು ಪರಂಪರೆ ಯಾವ ಕಡೆ ವಾಲಿದೆ ಎಂಬುದನ್ನು ಹೇಳುವುದು ಹೆಚ್ಚು ಜನ ಕೊಳ್ಳುವ ಮಾದರಿ.

ನಕಲಿನ ಆರೋಪಕ್ಕೂ ಉತ್ತರ ಬೇಕು. ಮಹೀಂದ್ರದ ರಾಕ್ಸರ್ ಗಾಡಿ 2018ರಲ್ಲಿ ಅಮೆರಿಕಕ್ಕೆ ಹೋದಾಗ ಜೀಪಿನವರು ದಾವೆ ಹೂಡಿದರು. ಜೀಪಿನ ರೂಪವನ್ನೇ ಹೋಲುತ್ತದೆಂದು 2020ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ತಡೆ ಹಾಕಿತು. ಆ ಜಗಳವೆಲ್ಲ ಮೂತಿಯದು. ಪಿಕಪ್ಪಿನ ಗುಣ ಇರುವುದು ಬೆನ್ನಿನಲ್ಲಿ. ಇದಕ್ಕೊಂದು ಹೋಲಿಕೆ ಆ ಉಳ್ಳಾಗಡ್ಡಿ ಗಾಡಿ ಹೊರಟ ಊರಲ್ಲೇ ಇದೆ. ಲಕ್ಕುಂಡಿಯ ಹಳೆಯ ಗುಡಿಗಳ ಶಿಲ್ಪಿಗಳು ಐಹೊಳೆ, ಪಟ್ಟದಕಲ್ಲಿನ ಮರಳುಗಲ್ಲು ಬಿಟ್ಟು ಬಳಪದ ಕಲ್ಲು ಹಿಡಿದರು. ಗುಡಿಯ ಪರಂಪರೆ ಹಳೆಯದೇ, ಕಲ್ಲು ಬೇರೆಯಾದಾಗ ಕೆತ್ತನೆ ಬೇರೆಯಾಯಿತು. ಅದನ್ನು ಯಾರೂ ನಕಲು ಎನ್ನುವುದಿಲ್ಲ. ಗಾಡಿಯ ಮಾತೂ ಹಾಗೆಯೇ. ಟಾಟಾ ಏಸ್ ನೋಡಿ: 2005ರಲ್ಲಿ ಬಂದ ಈ ಗಾಡಿಗೆ 702 ಸಿಸಿಯ ಎರಡು ಸಿಲಿಂಡರ್ ಡೀಸೆಲ್ ಎಂಜಿನ್, 16 ಅಶ್ವಶಕ್ತಿ, ಮುಕ್ಕಾಲು ಟನ್ ಹೊರೆ. ಡೆಟ್ರಾಯಿಟಿನವರು ಇದನ್ನು ಆಟದ ಸಾಮಾನು ಎಂದಾರು. ಮೂರು ಗಾಲಿಯ ಟಂಟಂ ಓಡಿಸುತ್ತಿದ್ದವನಿಗೆ ಇದು ನಾಲ್ಕನೆಯ ಗಾಲಿ ಕೊಟ್ಟಿತು, ಕಂತಿನ ಸಾಲವೂ ಬಾಡಿಗೆಯಲ್ಲೇ ತೀರುವಂತಿತ್ತು.

ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಕೆಲಸವೊಂದೇ ಮುಖ್ಯವಾದ ಗಾಡಿ ಮನುಷ್ಯರನ್ನೂ ಹೊರೆಯೆಂದೇ ಎಣಿಸುತ್ತದೆ. ಮುಂಡರಗಿ, ಶಿರಹಟ್ಟಿ ಕಡೆ ಕಳೆ ತೆಗೆಯಲು, ಮೆಣಸಿನಕಾಯಿ ಬಿಡಿಸಲು ಹೋಗುವ ಹೆಣ್ಣಾಳುಗಳು ಇದೇ ಬಾಡಿಯಲ್ಲಿ ಬುತ್ತಿಗಂಟು ತೊಡೆಯ ಮೇಲಿಟ್ಟು ಕೂರುತ್ತಾರೆ. ಕಾನೂನು ಇದನ್ನು ಒಪ್ಪುವುದಿಲ್ಲ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಇಲ್ಲಿ ನನ್ನ ವಾದಕ್ಕೆ ಪೆಟ್ಟು ಬೀಳುತ್ತದೆ: ನಾನು ಮೇಲೆ ಹಳಿದ ಆ ನಾಲ್ಕು ಬಾಗಿಲಿನ ಕ್ಯಾಬಿನ್ನು ಕೂತವರಿಗೆ ಸೀಟನ್ನಾದರೂ ಕೊಡುತ್ತದೆ. ನಮ್ಮಲ್ಲೂ ಐದು ಸೀಟಿನ ಬೊಲೆರೊ ಕ್ಯಾಂಪರ್ ಇದೆಯಲ್ಲ ಎನ್ನಬಹುದು. ಇದೆ, ಆದರೆ ಹದಿನೈದು ಆಳು ಬೇಕಾದ ಹೊಲಕ್ಕೆ ಅದರ ಸೀಟು ಸಾಲದು, ಸಂಜೆ ಹೇರಬೇಕಾದ ಚೀಲಗಳಿಗೆ ಅದರ ಬಾಡಿ ಸಾಲದು.