ಗಾಳಿಯ ಮಾರ್ಕ್ಸ್ ಕಾರ್ಡು

ನವೆಂಬರ್ ಬಂತೆಂದರೆ ಸಾಗರದಿಂದ ಅಮ್ಮನ ಫೋನು. "ಇವತ್ತು ನಿಮ್ಮ ದಿಲ್ಲಿದು ಎಷ್ಟೋ?" ಕ್ರಿಕೆಟ್ ಸ್ಕೋರು ಕೇಳಿದ ಹಾಗೆ. 2024ರ ನವೆಂಬರ್ 18ರಂದು "494" ಅಂದೆ. "ಎಷ್ಟಕ್ಕೆ?" "ಐನೂರಕ್ಕೆ." "ಹಂಗಾದ್ರೆ ರ‍್ಯಾಂಕೇ ಬಂತಲ್ಲೋ ಮಾರಾಯ!"

ಅಮ್ಮನ ತಮಾಷೆಯಲ್ಲಿ ನಿಜವಿದೆ. ವಾಯು ಗುಣಮಟ್ಟ ಸೂಚ್ಯಂಕವೆಂದರೆ ಗಾಳಿಯ ಮಾರ್ಕ್ಸ್ ಕಾರ್ಡೇ. ಇಲ್ಲಿ ಹೆಚ್ಚು ಅಂಕ ತೆಗೆದವನು ಫೇಲು, ಅಷ್ಟೆ. 2015ರ ಏಪ್ರಿಲ್‌ನಲ್ಲಿ ಇದು ಜಾರಿಗೆ ಬಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಘನಮೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದರೆ ನಮ್ಮಂಥವರಿಗೆ ಏನು ತಿಳಿದೀತು? ಎಂಟು ಮಾಲಿನ್ಯಕಾರಕಗಳಲ್ಲಿ ಅತಿ ಕೆಟ್ಟದ್ದರ ಅಂಕವನ್ನೇ ಗಾಳಿಯ ಅಂಕವೆಂದು ಹಿಡಿದು, ಅದಕ್ಕೊಂದು ಬಣ್ಣ, ಒಂದು ಪದ ಕೊಟ್ಟರು. ಈಗ ಆರ್.ಕೆ. ಪುರದ ಕರ್ನಾಟಕ ಸಂಘದಲ್ಲಿ ನಾಟಕ ನೋಡಿ ಹೊರಬಂದವರೂ ಮೊದಲು ಆಡೋದು ಅಂಕದ ಮಾತೇ.

ನನ್ನ ತಕರಾರು ಆ ಪದದ ಮೇಲೆ. 101ರಿಂದ 200ರವರೆಗೆ ಹಳದಿ ಬಣ್ಣ, 'ಮಾಡರೇಟ್' ಎಂಬ ಹೆಸರು. ನಮ್ಮ ಕಿವಿಗೆ ಅದು 'ಪರವಾಗಿಲ್ಲ, ನಡೀತದೆ' ಅಂತಲೇ ಕೇಳಿಸುತ್ತದೆ. ಒಂದು ಮಾರ್ಚಿನಲ್ಲಿ ಅಮ್ಮ ಬಂದಿದ್ದಳು. ಅವಳಿಗೆ ಹಳೇ ಉಬ್ಬಸ. ಸಂಜೆಯ ಅಂಕ 170ರ ಆಸುಪಾಸು ಇತ್ತು. "ಬೆಳಿಗ್ಗೆ ಪಾರ್ಕಿಗೆ ಹೋಗಿ ಬಾ" ಅಂದೆ. ಮರುದಿನ ರಾತ್ರಿ ನೆಬ್ಯುಲೈಜರ್ ಹಿಡಿದು ಕೂತಾಗ, ಆ ಪದದ ಕೆಳಗಿನ ಸಣ್ಣ ಅಕ್ಷರಗಳನ್ನು ಮೊದಲ ಸಲ ಓದಿದೆ: ಉಬ್ಬಸದಂಥ ಕಾಯಿಲೆ ಇರುವವರಿಗೆ ಉಸಿರಾಟದ ತೊಂದರೆಯಾಗಬಹುದು, ಹೃದ್ರೋಗಿಗಳಿಗೆ, ಮಕ್ಕಳಿಗೆ, ವಯಸ್ಸಾದವರಿಗೂ ತ್ರಾಸಾಗಬಹುದು. ಹಾಗಾದರೆ ಈ 'ಮಾಡರೇಟ್' ಯಾರಿಗೆ?

'ಸ್ಯಾಟಿಸ್ಫ್ಯಾಕ್ಟರಿ' ಇನ್ನೂ ಮೋಸದ್ದು. ಪಿಎಂ 2.5 ಎಂಬ ಸೂಕ್ಷ್ಮ ಕಣಗಳು ಘನಮೀಟರಿಗೆ 60 ಮೈಕ್ರೋಗ್ರಾಂ ಇದ್ದರೂ ಆ ಹೆಸರು ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ 15.

ಇನ್ನೊಂದು ಮಾತು. ಸಂಜೆ ನಾಲ್ಕರ ಅಂಕ ಹಿಂದಿನ 24 ಗಂಟೆಗಳ ಸರಾಸರಿ. ಊರಿನ ಮಾಪನ ಕೇಂದ್ರಗಳ ಸರಾಸರಿಯೂ ಹೌದು. ಚಳಿಯ ಬೆಳಗಿನ ಜಾವ ನೆಲದ ಮಟ್ಟದಲ್ಲೇ ನಿಂತ ಹೊಗೆ, ಮಧ್ಯಾಹ್ನ ಬಿಸಿಲೇರಿ ತಿಳಿಯಾದ ಗಾಳಿ, ಆನಂದ ವಿಹಾರದ ಬಸ್ಸುಗಳ ಧೂಳು, ಲೋಧಿ ರಸ್ತೆಯ ಮರಗಳು, ಎಲ್ಲ ಬೆರೆತು ಒಂದೇ ಸಾರು. ಕೇಂದ್ರವಾರು ಅಂಕವೂ ಸಿಗುತ್ತದೆ, ಹುಡುಕುವ ಪುರುಸೊತ್ತಿದ್ದವರಿಗೆ. ಆದರೆ ಸರಾಸರಿಯನ್ನು ಯಾರೂ ಉಸಿರಾಡುವುದಿಲ್ಲ. ಅಮ್ಮ ಉಸಿರಾಡಿದ್ದು ಬೆಳಿಗ್ಗೆ ಆರರ ಗಾಳಿ. ನಮ್ಮ ಗೇಟಿನ ಕಾವಲುಗಾರ ಉಸಿರಾಡುವುದು ಇಡೀ ರಾತ್ರಿಯದ್ದು. 'ಹೊರಗೆ ಹೋಗಬೇಡಿ' ಎಂಬ ಸಲಹೆ ಅವನ ಪಾಲಿಗೆ ಸಂಬಳ ಬಿಡು ಎಂದ ಹಾಗೆ.

ಅಂಕ ಬೇಡ ಅನ್ನುತ್ತಿಲ್ಲ. ಅದಿಲ್ಲದಿದ್ದರೆ ಇಷ್ಟು ಜಗಳವಾಡುವುದಕ್ಕೂ ಆಗುತ್ತಿರಲಿಲ್ಲ. ಆದರೆ ಸಣ್ಣ ಅಕ್ಷರದ ಮಾತು ದೊಡ್ಡ ಅಕ್ಷರದಲ್ಲಿ ಬರಲಿ.

ಈ ಸಲ ಅಮ್ಮ "ಬರಬಹುದೇನೋ?" ಅಂದಾಗ ನಾನು ಅಂಕ ಹೇಳಲಿಲ್ಲ. "ಚಳಿ ಪೂರ್ತಿ ಕಳೀಲಿ. ಬಂದ ಮೇಲೂ ಬಿಸಿಲೇರಿದ ಮೇಲೇ ಹೊರಗೆ" ಅಂದೆ. ಸೂಚ್ಯಂಕ ಅವಳಿಗೆ ಹೇಳಬೇಕಾಗಿದ್ದದ್ದು ಇಷ್ಟನ್ನೇ.