ಬಾಗಿಲಿಲ್ಲದ ಮನೆ

ಕಳೆದ ಭಾನುವಾರ ಪುಣೆಯ ವಾಕಡ್‌ನಲ್ಲಿ ಒಂದು ಸ್ಯಾಂಪಲ್ ಫ್ಲ್ಯಾಟ್ ನೋಡಿ ಬಂದೆವು. ಇದು ಹನ್ನೊಂದನೆಯದು. ಕತೆ, ಕವಿತೆಗಳ ವಿಮರ್ಶೆ ಬರುವ ಜಾಗದಲ್ಲಿ ಇದೇನು ಎನ್ನಬೇಡಿ. ಇಷ್ಟು ಎಚ್ಚರದಿಂದ ಹೆಣೆದ ಕಥನವನ್ನು ನಾನು ಈಚೆಗೆ ಓದಿಲ್ಲ.

ಒಳಕೋಣೆಗಳಿಗೆ ಬಾಗಿಲೇ ಇಲ್ಲ, ಬರೀ ಚೌಕಟ್ಟು. ಬಾಗಿಲಿದ್ದರೆ ಅದು ತೆರೆದುಕೊಳ್ಳಲು ಜಾಗ ಬೇಕಲ್ಲ! ಊಟದ ಮೇಜಿನ ಹಿಂದೆ ನೆಲದಿಂದ ಸೂರಿನವರೆಗೆ ಕನ್ನಡಿ, ಹಾಲ್ ಎರಡಾಯಿತು. ನಡುಮಧ್ಯಾಹ್ನವೂ ಹಳದಿ ದೀಪಗಳು, ಕಿಟಕಿಯ ಬೆಳಕು ಎಷ್ಟೆಂದು ತಿಳಿಯದ ಹಾಗೆ. ಮಂಚದ ಮೇಲೆ ನನಗೆ ಅನುಮಾನ. ಟೇಪು ತೆಗೆದು ಅಳೆದೆ: 68 ಅಂಗುಲ. ಅಂಗಡಿಯಲ್ಲಿ ಸಿಗುವ ಹಾಸಿಗೆ ಸಾಮಾನ್ಯವಾಗಿ 72 ಇಲ್ಲವೆ 75. ಮಲಗಿದರೆ ನನ್ನ ಪಾದ ಹೊರಗೆ.

ಗ್ರಾಹಕರಿಗೆ ಡೆಮೊ ತೋರಿಸಿಯೇ ಹೊಟ್ಟೆ ಹೊರೆಯುವವನು ನಾನು. ಹಾಗಾಗಿ ಸಿಟ್ಟಿಗಿಂತ ಮೆಚ್ಚುಗೆಯೇ ಹೆಚ್ಚು. 2016ರ ರೇರಾ ಕಾಯ್ದೆಯ 12ನೆಯ ಕಲಮಿನ ಪ್ರಕಾರ, ಮಾದರಿ ಮನೆಯನ್ನು ನಂಬಿ ಹಣ ಕಟ್ಟಿ, ತೋರಿಸಿದ್ದು ಸುಳ್ಳಾಗಿ ನಷ್ಟವಾದರೆ ಪರಿಹಾರ ಕೇಳಬಹುದು. ಆದರೆ ಇಲ್ಲಿ ಗೋಡೆಗಳ ಅಳತೆ ಸರಿಯಾಗಿಯೇ ಇದೆ. ಸುಳ್ಳು ಹೇಳುವುದು ಮಂಚ. ಮಂಚ ಮಾರಾಟಕ್ಕಿಲ್ಲವೆಂದು ಮೂಲೆಯಲ್ಲಿ ಸಣ್ಣಕ್ಷರದ ಫಲಕವೂ ಇದೆ.

ನನ್ನ ತಕರಾರು ಬೇರೆ. ಈ ಕಥನದಲ್ಲಿ ಪಾತ್ರಗಳೇ ಇಲ್ಲ. ಪೊರಕೆ ಇಲ್ಲ, ಸಿಲಿಂಡರ್ ಇಲ್ಲ, ಅಕ್ಕಿ ಡಬ್ಬಿ ಇಲ್ಲ, ಕಪಾಟೂ ಇಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನ ಹಳೆಯ ಮನೆ ನೆನಪಾಯಿತು: ರೈಲುಡಬ್ಬಿಗಳಂತೆ ಒಂದರ ಹಿಂದೊಂದು ಕೋಣೆಗಳು, ಇರುವೆಗಳೊಂದಿಗೆ ಮನೆಯವರ ಯುದ್ಧ. ಅಲ್ಲಿ ಜನ ಉಣ್ಣುತ್ತಾರೆಂದು ಇರುವೆಗಾದರೂ ಗೊತ್ತಿತ್ತು.

ಎರಡನೆಯ ಬೆಡ್‌ರೂಮಿನಲ್ಲಿ ಮಗುವಿನ ಮಂಚ, ಗೋಡೆಗೆ ಗ್ರಹ–ನಕ್ಷತ್ರ. ಎಲ್ಲ ಕಡೆಯೂ ಹೀಗೇ. ಹನ್ನೊಂದರಲ್ಲಿ ಒಂದರಲ್ಲೂ ಮುದುಕರ ಕೋಣೆ ನೋಡಲಿಲ್ಲ. ನಾವು ಮನೆ ಹುಡುಕುತ್ತಿರುವುದೇ ಅವ್ವನಿಗಾಗಿ. ಅಪ್ಪ ಹೋದ ಮೇಲೆ ಧಾರವಾಡದಲ್ಲಿ ಅವಳೊಬ್ಬಳೇ. ಈ ಸಲ ಅವಳನ್ನೂ ಕರೆದೊಯ್ದಿದ್ದೆ. ಗೋಡೆ ಹಿಡಿದು ನಡೆಯುವ ರೂಢಿ. ಕನ್ನಡಿಗೆ ಕೈಯಿಟ್ಟು ಗಾಬರಿಯಾದಳು. ಸುಧಾರಿಸಿಕೊಂಡು ಆ ಪುಟ್ಟ ಮಂಚದ ತುದಿಗೆ ಕೂತಳು.

“ಛಲೋ ಅದನಪಾ. ನನ್ನ ಟ್ರಂಕ್ ಎಲ್ಲಿ ಇಡೂದು?”

ಮಾರಾಟದ ಹುಡುಗಿಗೆ ಕನ್ನಡ ಬಾರದು. ಅವಳು ಚೆಂದವಾಗಿ ನಕ್ಕಳು. ನಾನು ಬಗ್ಗಿ ಮಂಚದ ಕೆಳಗೆ ಟೇಪು ಹಿಡಿದೆ. ನಾಲ್ಕು ಅಂಗುಲ.